‘ಗುಡ್ಡ ಬಂದೇ ಇಲ್ಲ’ ಎಂದವರ ಊರಿನಲ್ಲಿ

ನೆಲಮಂಗಲ

ಶ್ರೀಲಂಕಾಕ್ಕೆ ಹೊರಟಿದ್ದೇನೆ ಎಂದಾಗ ನಮ್ಮ ಬೀದಿಯವರು ಹುಬ್ಬೇರಿಸಿದರು. ಗುಡ್ಡ ಕುಸಿಯುವ ಮುನ್ಸೂಚನೆ ಕೊಡುವ ಯಂತ್ರಗಳನ್ನು ಅಲ್ಲಿ ಎಲ್ಲೆಲ್ಲಿ ನೆಡಬೇಕೆಂದು ನೋಡಿ ಬರುವ ಕೆಲಸ ಎಂದಾಗ ನಕ್ಕೇಬಿಟ್ಟರು. ನಮ್ಮ ಮನೆ ತುಮಕೂರು ಹೆದ್ದಾರಿಯ ಮಗ್ಗುಲಲ್ಲಿದೆ. ಸುತ್ತ ಗೋದಾಮು, ಲಾರಿಗಳ ಸಾಲು, ಪಂಕ್ಚರ್ ಅಂಗಡಿ. ನಮ್ಮ ಅಬ್ಬಾ ಅವರದು ಲಾರಿ ಬಿಡಿಭಾಗಗಳ ವ್ಯಾಪಾರ.

“ನೆಲಮಂಗಲದೋಳಿಗೆ ಗುಡ್ಡದ ಕೆಲ್ಸ ಕೊಟ್ಟವ್ರಲ್ಲಪ್ಪಾ! ನಿಮ್ಮೂರಲ್ಲಿ ಜಾರೋದು ಅಂದ್ರೆ ಮಳೇಲಿ ಲಾರಿ ಟೈರು ಮಾತ್ರ” ಎಂದ ಚಂದ್ರು. ಬೆಂಗಳೂರಿನ ಆಫೀಸಿನಲ್ಲಿ ಅವನು ನನ್ನ ಪಕ್ಕದ ಕುರ್ಚಿಯವನು. ಅವನ ಊರು ದೊಡ್ಡಬೆಳವಂಗಲ, ಅಲ್ಲೇನೂ ಹಿಮಾಲಯವಿಲ್ಲ.

ನಾವಿಬ್ಬರೂ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವರು. ಇಳಿಜಾರು ಎಷ್ಟು ಕಡಿದು ಎಂಬುದಕ್ಕೆ ಒಂದು ಪದರ, ಮಣ್ಣಿಗೆ ಒಂದು, ಹಳ್ಳಕ್ಕೆ ಒಂದು, ಮಳೆಗೆ ಒಂದು, ಹಿಂದೆ ಕುಸಿದ ಜಾಗಗಳಿಗೆ ಒಂದು. ಎಲ್ಲವನ್ನೂ ಒಂದರ ಮೇಲೊಂದು ಹೊದಿಸಿದರೆ ಅಪಾಯ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ಹಸಿರು. ಕೆಂಪಿದ್ದಲ್ಲಿ ಯಂತ್ರ ನೆಡಬೇಕು. ಈ ಸಲದ ನಕ್ಷೆ ಶ್ರೀಲಂಕಾದ ಒಂದು ಟೀ ಎಸ್ಟೇಟಿನದು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ.

ಆ ನಕ್ಷೆಯಲ್ಲಿ ಒಂದು ಜಾಗ ನನ್ನನ್ನು ಕೊರೆಯುತ್ತಿತ್ತು. ಒಂದು ಕಡಿದಾದ ಇಳಿಜಾರು, ಅದರ ಬುಡದಲ್ಲಿ ಕೂಲಿಕಾರರ ಸಾಲುಮನೆ. ಇಳಿಜಾರು, ಮಣ್ಣು, ಹಳ್ಳ ಎಲ್ಲವೂ ಕೆಟ್ಟದ್ದನ್ನೇ ಹೇಳುತ್ತಿದ್ದವು. ಆದರೆ ಹಿಂದೆ ಕುಸಿದ ಜಾಗಗಳ ಪದರದಲ್ಲಿ ಅಲ್ಲಿ ಒಂದು ಚುಕ್ಕಿಯೂ ಇರಲಿಲ್ಲ.

ಚಂದ್ರು ತಲೆ ತುರಿಸಿಕೊಂಡ. “ಇದ್ರಲ್ಲಿ ಯಾರೋ ಕೈಯಾಡಿಸವ್ರೆ ಕಣೇ ನಸ್ರೀನ್. ಅಕ್ಕಪಕ್ಕದ ಇಳಿಜಾರಲ್ಲೆಲ್ಲ ಚುಕ್ಕಿ ಐತೆ, ಇದೊಂದ್ರಲ್ಲಿ ಮಾತ್ರ ಇಲ್ಲ ಅಂದ್ರೆ ಹೆಂಗೆ? ಈ ಪದರ ಕೊಟ್ಟಿದ್ದು ಯಾರು?”

ಕೊಟ್ಟವನು ಅಲ್ಲಿನ ಎಂಜಿನಿಯರ್. ಹೆಸರು ಪ್ರದೀಪ್. ನಾನು ಹೋಗಿ ಭೇಟಿಯಾಗಬೇಕಿದ್ದದ್ದೂ ಅವನನ್ನೇ.

ಅನುಮಾನ ನಮ್ಮ ಮನೆಯಲ್ಲಿ ಎಲ್ಲರ ರಕ್ತದಲ್ಲೂ ಇದೆ. ನಾನು ಚಿಕ್ಕವಳಿದ್ದಾಗ ಟೋಪಿ ಹಾಕಿದ ಹುಡುಗರು ಮೂರು ಕಾಲಿನ ಯಂತ್ರ ಹಿಡಿದು ಹೆದ್ದಾರಿಗೆ ಬಂದಿದ್ದರು. “ಸುಮ್ನೆ ಅಳತೆ ಅಷ್ಟೇ, ನಿಮ್ಗೇನೂ ಆಗಲ್ಲ” ಎಂದಿದ್ದರು. ನಮ್ಮ ಮಾಮು ಅವರಿಗೆ ಮಜ್ಜಿಗೆ ಕೊಟ್ಟು, ನೆರಳಿಗೆ ಕುರ್ಚಿ ಹಾಕಿ ಕೂರಿಸಿದರು. ಆಮೇಲೆ ರಸ್ತೆ ಅಗಲವಾಯಿತು, ಮಾಮುವಿನ ಅಂಗಡಿ ರಸ್ತೆಯೊಳಗೆ ಹೋಯಿತು. ಅಂದಿನಿಂದ ಮೂರು ಕಾಲಿನ ಯಂತ್ರ ಕಂಡರೆ ನಮ್ಮ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಈಗ ಅದೇ ಯಂತ್ರದ ತಂಗಿಯಂಥ ಒಂದನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಹೊರಟಿದ್ದೆ. ಅಮ್ಮಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: “ಕೋಯೀ ಕುಛ್ ಬೀ ದಿಯೇ ತೋ ನಕ್ಕೋ ಖಾ.” ಯಾರು ಏನು ಕೊಟ್ಟರೂ ತಿನ್ನಬೇಡ.

ಬೆಟ್ಟದ ರೈಲು

ಕೊಲಂಬೊದಿಂದ ಬೆಟ್ಟ ಹತ್ತುವ ರೈಲು ನೀಲಿ ಬಣ್ಣದ್ದು. ಕಿಟಕಿಗೆ ಸರಳುಗಳಿಲ್ಲ. ಹುಡುಗರು ಬಾಗಿಲಿನಲ್ಲಿ ನೇತಾಡುತ್ತಾ ಹಾಡು ಹೇಳುತ್ತಾರೆ. ಬುಟ್ಟಿಯವರು ಸಿಗಡಿ ಅಂಟಿಸಿದ ಮಸಾಲೆವಡೆ ಮಾರುತ್ತಾ ಬರುತ್ತಾರೆ. ಎದುರಿಗಿದ್ದ ಹೆಂಗಸು ಖಾರದ ಪುಡಿ ಹಚ್ಚಿದ ಅನಾನಸ್ ಚೂರು ಕೊಟ್ಟಾಗ ಬೇಡವೆಂದು ತಲೆಯಾಡಿಸಿದೆ. ಅವಳು ತಾನೇ ಒಂದು ಚೂರು ತಿಂದು ತೋರಿಸಿ ಮತ್ತೆ ಚಾಚಿದಳು. ಅಷ್ಟು ಮಾಡಿದ ಮೇಲೆ ಬೇಡ ಎನ್ನಲು ನಾಚಿಕೆಯಾಗಿ ತಿಂದೆ. ಅಮ್ಮಿಗೆ ಈ ವಿಷಯ ಇನ್ನೂ ಹೇಳಿಲ್ಲ.

ನನ್ನ ತಲೆ ಕೆಡಿಸಿದವರು ಬೇರೆಯೇ ಒಬ್ಬರು. ಬಿಳಿ ಟೋಪಿ, ಮೆಹಂದಿ ಹಚ್ಚಿದ ಗಡ್ಡದ ಹಿರಿಯರು. ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಯಂತ್ರದ ಬ್ಯಾಗಿನ ಮೇಲೆ ಕಣ್ಣು ಎಂದು ನಾನು ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡೆ. ಅವರು ಹತ್ತಿರ ಬಂದು ಸಲಾಮ್ ಹೇಳಿದರು. ನಾನು ಉತ್ತರ ಕೊಟ್ಟು, ಉರ್ದುವಿನಲ್ಲಿ ಏನು ಬೇಕು ಎಂದು ಕೇಳಿದೆ. ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಲ್ಲಿನ ಮುಸಲ್ಮಾನರ ಮನೆಮಾತು ತಮಿಳು! ನನ್ನ ತಮಿಳು ನಮ್ಮ ಓಣಿಯ ಕೊನೆ ಮನೆಯವರಿಂದ ಕಲಿತದ್ದು, ಜಗಳಕ್ಕೆ ಸಾಕು, ಸಂಕೋಚಕ್ಕೆ ಸಾಲದು. ಅವರು ಪೆಚ್ಚಾಗಿ ನಕ್ಕು ಹಿಂದೆ ಹೋದರು.

ಟಿಕೆಟ್ ನೋಡುವವನು ಬಂದಾಗ ಸಂಗತಿ ತಿಳಿಯಿತು. ನಾನು ಕೂತದ್ದು ಅವರ ಸೀಟಿನಲ್ಲಿ. ನನ್ನದು ಮುಂದಿನ ಡಬ್ಬಿಯಲ್ಲಿತ್ತು. ಹೆಂಗಸನ್ನು ಏಳಿಸಲು ಬಾಯಿ ಬರದೆ ಅವರು ಅರ್ಧ ದಾರಿ ನಿಂತೇ ಬಂದಿದ್ದರು. ನಾನು ಎದ್ದು ಕ್ಷಮೆ ಕೇಳಿದರೆ, “ಪರವಾಗಿಲ್ಲ, ಇನ್ನೇನು ಇಳಿಯೋ ಸ್ಟೇಷನ್ ಬಂತು” ಎಂದು ತಮಿಳಿನಲ್ಲಿ ಹೇಳಿ ನನ್ನ ಬ್ಯಾಗನ್ನೂ ಎತ್ತಿ ಕೊಟ್ಟರು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಪ್ರದೀಪ್ ತೋರಿಸಿದ ಜಾಗಗಳು

ಪ್ರದೀಪ್ ಸ್ಟೇಷನ್ನಿಗೆ ಛತ್ರಿ ಹಿಡಿದು ಬಂದಿದ್ದ. ಹೆಸರು ಕೇಳಿದರೆ ನಮ್ಮ ಕಡೆಯವನು ಅನ್ನಿಸುತ್ತದೆ, ಆದರೆ ಸಿಂಹಳ ಮನೆಮಾತಿನವನು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಸೌಮ್ಯ ಮನುಷ್ಯ. ಅಷ್ಟು ಸೌಮ್ಯರನ್ನು ಕಂಡರೆ ನನಗೆ ಭಯ.

ಅವನು ಒಂದೊಂದೇ ಇಳಿಜಾರು ತೋರಿಸಿದ. ನಕ್ಷೆಯಲ್ಲಿ ಕೆಂಪು ಕಂಡಲ್ಲೆಲ್ಲ ಯಂತ್ರ ನೆಡಲು ಬರುವುದಿಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ. ವಾಲುವಿಕೆ ಅಳೆಯುವ ಕಂಬಕ್ಕೆ ಬಿಸಿಲು ಬೇಕು, ಸೋಲಾರ್ ತಟ್ಟೆ ನಡೆಯಬೇಕಲ್ಲ. ಮೊಬೈಲ್ ಸಿಗ್ನಲ್ ಬೇಕು, ಇಲ್ಲದಿದ್ದರೆ ಗುಡ್ಡ ಕದಲಿದ ಸುದ್ದಿ ಹೊರಗೆ ಬರುವುದಿಲ್ಲ. ಮಳೆ ಅಳೆಯುವ ಪಾತ್ರೆಯ ಮೇಲೆ ಮರದ ಕೊಂಬೆ ಇರಬಾರದು. ರಿಪೇರಿಗೆ ಮನುಷ್ಯ ಹತ್ತುವಂತಿರಬೇಕು. ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ನಾವು ಗುರುತಿಸಿದ್ದ ಒಂದು ಜಾಗ ಜಲಪಾತದ ಹಿಂದೆ ಇತ್ತು. ಪ್ರದೀಪ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆದರೆ ಆ ಚುಕ್ಕಿಯಿಲ್ಲದ ಇಳಿಜಾರಿಗೆ ಹೋಗೋಣ ಎಂದರೆ ಒಂದೊಂದು ದಿನ ಒಂದೊಂದು ನೆಪ. ಒಂದು ದಿನ ಜಿಗಣೆ ಜಾಸ್ತಿ. ಒಂದು ದಿನ ಜೀಪು ಹತ್ತುವುದಿಲ್ಲ. ಇನ್ನೊಂದು ದಿನ ದೊರೈ ಅನುಮತಿ ಸಿಕ್ಕಿಲ್ಲ. ದೊರೈ ಎಂದರೆ ಎಸ್ಟೇಟ್ ಮ್ಯಾನೇಜರು. ಬ್ರಿಟಿಷರು ಹೋದರೂ ನಮ್ಮ ‘ದೊರೆ’ ಅಲ್ಲಿ ಇನ್ನೂ ಸಂಬಳ ತೆಗೆದುಕೊಳ್ಳುತ್ತಿದ್ದಾನೆ! ನಡುನಡುವೆ ಪ್ರದೀಪ್‌ಗೆ ಫೋನ್ ಬರುತ್ತಿತ್ತು. ಹೆಸರು ನೋಡಿ, ದೂರ ಹೋಗಿ, ತಗ್ಗಿದ ದನಿಯಲ್ಲಿ ಮಾತಾಡಿ, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ.

ಆ ಇಳಿಜಾರಿಗೆ ಗೊತ್ತುಮಾಡಿದ್ದ ಕಂಬವನ್ನು ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಕಣಿವೆಯಾಚೆ, ಟೀ ಫ್ಯಾಕ್ಟರಿಯ ಹಿಂದಕ್ಕೆ ಸರಿಸಿದ್ದನ್ನು ನಾನೇ ಕಣ್ಣಾರೆ ಕಂಡೆ.

“ಅಲ್ಲಿ ಸಿಗ್ನಲ್ ಚೆನ್ನಾಗಿದೆ” ಎಂದ.

“ಫ್ಯಾಕ್ಟರಿಯೂ ಚೆನ್ನಾಗಿದೆ” ಎಂದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ.

ಅಂದು ಚಂದ್ರುವಿಗೆ ಫೋನ್ ಮಾಡಿ ಆ ಜಾಗದ ಹಳೆಯ ಉಪಗ್ರಹ ಚಿತ್ರಗಳನ್ನು ನೋಡು ಎಂದೆ. ಸಂಜೆಗೆ ಅವನೇ ಫೋನ್ ಮಾಡಿದ. “ಗುರು, ನಿನ್ನ ಅನುಮಾನ ನಿಜ ಕಣೇ. ಹಿಂದೆ ಆ ಇಳಿಜಾರಲ್ಲಿ ಹಸಿರು ಹೋಗಿ ಕೆಂಪು ಗೀರು ಎದ್ದೈತೆ, ಆಮೇಲೆ ಗಿಡ ಬೆಳ್ದು ಮುಚ್ಕೊಂಡೈತೆ. ಗುಡ್ಡ ಬಂದಿರೋದು ಗ್ಯಾರಂಟಿ. ನಿನ್ ಎಂಜಿನಿಯರ್ರು ಎಸ್ಟೇಟ್ನೋರ ಜೊತೆ ಸೇರ್ಕೊಂಡವ್ನೆ. ಹುಷಾರು, ಒಬ್ಳೇ ಜಗಳ ತೆಗೀಬೇಡ.”

ಮೇಲ್ ಲಯಂ

ಮರುದಿನ ಬೆಳಿಗ್ಗೆ ತಲೆನೋವೆಂದು ಪ್ರದೀಪ್‌ಗೆ ಸುಳ್ಳು ಹೇಳಿ, ಯಂತ್ರವನ್ನು ಹೆಗಲಿಗೇರಿಸಿಕೊಂಡು ಒಬ್ಬಳೇ ನಡೆದು ಹೊರಟೆ. ಜಿಗಣೆಗಳ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ.

ಸಾಲುಮನೆಗೆ ಅಲ್ಲಿನವರು ಲಯಂ ಎನ್ನುತ್ತಾರೆ. ಇಂಗ್ಲಿಷಿನ ಲೈನ್ ಅವರ ಬಾಯಲ್ಲಿ ಹಾಗಾಗಿದೆ. ಲಯ ಎಂದರೆ ನಾಶವೂ ಹೌದೆಂದು ಗೊತ್ತಿರುವ ಕನ್ನಡ ಕಿವಿಗೆ ಅದು ಒಳ್ಳೆಯ ಶಬ್ದವಲ್ಲ. ತಗಡಿನ ಒಂದೇ ಉದ್ದ ಚಾವಣಿ, ಅದರಡಿ ಒತ್ತಾಗಿ ಬಾಗಿಲುಗಳು, ಒಂದು ಬಾಗಿಲಿಗೆ ಒಂದು ಸಂಸಾರ. ಹಿಂದೆಯೇ ಗೋಡೆಯಂತೆ ಎದ್ದ ಗುಡ್ಡ.

ಮೊದಲ ಬಾಗಿಲಲ್ಲಿ ನಿಂತಿದ್ದವಳು ಸೆಲ್ವಿ. ಎಲೆ ಕೀಳುವ ಕೆಲಸದವಳು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ನನ್ನ ತಮಿಳು ಕೇಳಿ ಮುಖ ಗಂಟಿಕ್ಕಿದಳು.

“ತಲೆ ಮೇಲೆ ದುಪ್ಪಟ್ಟಾ ಐತೆ, ತಮಿಳು ಹಿಂಗ್ಯಾಕೆ ಮಾತಾಡ್ತೀಯ?”

ಇಂಡಿಯಾದವಳು, ನಮ್ಮ ಮನೆಮಾತು ಬೇರೆ ಎಂದೆ. ಒಳಗೆ ಕರೆದು ಹಾಲಿಲ್ಲದ ಟೀ ಕೊಟ್ಟಳು. ಸಕ್ಕರೆ ಹಾಕುವುದಿಲ್ಲ. ಅಂಗೈಗೆ ಒಂದು ಚೂರು ಬೆಲ್ಲ ಇಡುತ್ತಾರೆ, ಅದನ್ನು ಕಚ್ಚಿ ಟೀ ಗುಟುಕರಿಸಬೇಕು. ನಾನು ಬೆಲ್ಲವನ್ನು ಟೀಗೆ ಹಾಕಿ ಬೆರಳಲ್ಲಿ ಕದಡಿದ್ದು ನೋಡಿ ಅವಳಿಗೆ ನಗು ಬಂತು. ಅಷ್ಟಕ್ಕೆ ಸಲುಗೆ ಬೆಳೆಯಿತೆಂದುಕೊಂಡು ಕೇಳಿದೆ.

“ಅಕ್ಕಾ, ಈ ಗುಡ್ಡ ಯಾವತ್ತಾದರೂ ಕೆಳಗೆ ಬಂದಿತ್ತಾ?”

“ಇಲ್ಲ.”

“ಸ್ವಲ್ಪ ಮಣ್ಣು ಕೂಡ?”

“ಬಂದೇ ಇಲ್ಲ.”

ಗೋಡೆಗೆ ಒರಗಿಕೊಂಡಿದ್ದವಳು ಜಾಗ ಬಿಟ್ಟು ಕದಲಲಿಲ್ಲ. ಅವಳ ಬೆನ್ನ ಹಿಂದೆ ಮುರುಗನ ದೊಡ್ಡ ಕ್ಯಾಲೆಂಡರು. ಅದರ ಕೆಳಗಿಂದ ಒಂದು ಬಿರುಕು ಹೊರಬಿದ್ದು ನೆಲದವರೆಗೆ ಇಳಿದಿತ್ತು. ಅದಕ್ಕೆ ಹೊಸ ಸಿಮೆಂಟು ಮೆತ್ತಲಾಗಿತ್ತು. ಹೊರಗೆ ಬಂದು ನೋಡಿದರೆ ಹಿತ್ತಲ ಚರಂಡಿ ಹಸಿ ಮಣ್ಣಿನಿಂದ ತುಂಬಿದೆ, ಹಲಸಿನ ಮರ ಮನೆಯ ಕಡೆ ವಾಲಿದೆ. ಫೋಟೊ ತೆಗೆದೆ. ಸೆಲ್ವಿ ಹಿಂದಿನಿಂದ ಬಂದು ಫೋನನ್ನೇ ಕಿತ್ತುಕೊಂಡಳು.

“ಯಾರು ಕಳಿಸಿದ್ದು ನಿನ್ನ? ದೊರೈನಾ, ಆಫೀಸಿನವರಾ?”

ಬಾಗಿಲುಗಳಿಂದ ಹೆಂಗಸರು ಬಂದು ಸುತ್ತ ನಿಂತರು. ಯಂತ್ರದ ವಿಷಯ ಹೇಳಿದೆ. ಗುಡ್ಡ ಕದಲಿದರೆ ಅದು ಕೂಗುತ್ತದೆ, ನೀವು ಓಡಿ ಬದುಕಬಹುದು, ನಿಮ್ಮ ಒಳ್ಳೆಯದಕ್ಕೇ ಬಂದಿದ್ದೇನೆ ಎಂದೆ.

“ಕೀಳ್ ಲಯಂನವರಿಗೂ ಹಿಂಗೇ ಹೇಳಿದ್ರು” ಎಂದಳು ಸೆಲ್ವಿ. ಕೀಳ್ ಲಯಂ ಎಂದರೆ ಇದಕ್ಕಿಂತ ಕೆಳಗಿದ್ದ ಇನ್ನೊಂದು ಸಾಲುಮನೆ, ಇವರದು ಮೇಲ್ ಲಯಂ. “ಬಂದ್ರು, ಅಳೆದ್ರು, ಇದು ಅಪಾಯದ ಜಾಗ ಅಂದ್ರು. ಮನೆ ಕೊಡೋವರೆಗೆ ಶಾಲೆ ಹಿಂದಿನ ಶೆಡ್ಡಲ್ಲಿ ಇರಿ ಅಂದ್ರು. ಇವತ್ತಿಗೂ ಶೆಡ್ಡಲ್ಲೇ ಇದ್ದಾರೆ. ಅದಕ್ಕೇ ಹೇಳ್ತಿದೀನಿ, ಇಲ್ಲಿ ಗುಡ್ಡ ಬಂದೇ ಇಲ್ಲ. ಬರ್ಕೊ.”

ಫೋಟೊ ಅಳಿಸಿ ಫೋನು ವಾಪಸು ಕೊಟ್ಟಳು. ಇಳಿದು ಬರುವಾಗ ನನ್ನ ಹೆಗಲ ಮೇಲಿದ್ದ ಮೂರು ಕಾಲಿನ ಯಂತ್ರ ಬಹಳ ಭಾರವೆನ್ನಿಸಿತು.

ಶಾಲೆಯ ಹಿಂದಿನ ಶೆಡ್ಡು

ಪ್ರದೀಪ್ ನಾನು ಉಳಿದಿದ್ದ ಗೆಸ್ಟ್‌ಹೌಸಿನ ಜಗಲಿಯಲ್ಲಿ ಕಾಯುತ್ತಿದ್ದ. ತಲೆನೋವು ಹೇಗಿದೆ ಎಂದು ಕೇಳಲಿಲ್ಲ, ನನ್ನ ಕಾಲಿನ ರಕ್ತ ನೋಡಿದ.

“ಆ ಚುಕ್ಕಿಗಳನ್ನು ಅಳಿಸಿದವರು ನೀವೇ ಅಲ್ಲವಾ?” ಎಂದೆ.

“ಹೌದು.”

ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ನಾನು ಎಣಿಸಿರಲಿಲ್ಲ. ಜಗಳಕ್ಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿಯಿತು.

“ಕೀಳ್ ಲಯಂಗೆ ಚುಕ್ಕಿ ಇಟ್ಟವನೂ ನಾನೇ” ಎಂದ. “ಸರಿಯಾಗಿಯೇ ಇಟ್ಟಿದ್ದೆ. ಬನ್ನಿ, ತೋರಿಸುತ್ತೇನೆ.”

ಜೀಪು ಶಾಲೆಯ ಹಿಂದೆ ನಿಂತಿತು. ತಗಡಿನ ಶೆಡ್ಡು. ಸೀರೆ ಕಟ್ಟಿ ಕೋಣೆ ಮಾಡಿಕೊಂಡಿದ್ದರು. ಪ್ರದೀಪ್ ಇಳಿದದ್ದು ಕಂಡು ಒಲೆಯ ಮುಂದಿದ್ದ ಮುದುಕಿ ಎದ್ದು ಒಳಗೆ ಹೋದಳು. ಹೊರಗೆ ಕೂತಿದ್ದ ಗಂಡಸೊಬ್ಬ ಅವನಿಗೆ ಬೆನ್ನು ಮಾಡಿ ಕೂತ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವನಿಗೆ ಬರುತ್ತಿದ್ದ ಫೋನುಗಳು ಇವರವೇ. ಮನೆ ಎಲ್ಲಿಗೆ ಬಂತು, ಜಾಗ ಸಿಕ್ಕಿತಾ ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದರು.

“ಮೇಲ್ ಲಯಂನವರು ಬಂದು, ದಯವಿಟ್ಟು ನಮ್ಮ ಹೆಸರಿಗೆ ಚುಕ್ಕಿ ಇಡಬೇಡಿ ಎಂದರು” ಎಂದ ಪ್ರದೀಪ್. “ಮೊದಲು ಜಾಗ ಕೊಡಿಸೋಣ, ಆಮೇಲೆ ಕಂಬ ಅಂದುಕೊಂಡೆ. ಜಾಗಕ್ಕಾಗಿ ಇನ್ನೂ ಅಲೆಯುತ್ತಿದ್ದೇನೆ.”

“ಅಷ್ಟರಲ್ಲಿ ಗುಡ್ಡ ಬಂದರೆ?”

ಅವನು ಜೀಪಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ಶೆಡ್ಡಿನ ಕಡೆ ನೋಡಿದ. ನನಗೆ ಅವನ ಮೇಲೆ ಕನಿಕರ ಹುಟ್ಟಿತು, ಆದರೂ ಒಳಗಿನ ಅನುಮಾನ ಕುಟುಕುತ್ತಲೇ ಇತ್ತು. ಚುಕ್ಕಿ ಅಳಿಸಿದ್ದು ದಯೆಯಿಂದ, ಸರಿ. ಆದರೆ ಕಂಬ ಫ್ಯಾಕ್ಟರಿಯ ಹಿಂದಕ್ಕೇ ಯಾಕೆ ಹೋಯಿತು? ಕೇಳಿಯೇಬಿಟ್ಟೆ.

“ದೊರೈ ಕೇಳಿದರು” ಎಂದ ನೆಲ ನೋಡುತ್ತಾ. “ಖಾಲಿ ಇರುವ ಕಂಬ ತಾನೇ ಎಂದು ಕೊಟ್ಟೆ.”

ಆ ಜಾಗಕ್ಕೆ ನಾನು ಒಪ್ಪಿಗೆ ಬರೆದುಕೊಡುವುದಿಲ್ಲ ಎಂದೆ. ಒಪ್ಪಿಗೆ ಇಲ್ಲದೆ ಹೋದರೆ, ಯಾಕೆ ಎಂದು ಮೇಲಧಿಕಾರಿಗಳು ಕೇಳುತ್ತಾರೆ, ಮೇಲ್ ಲಯಂನ ವಿಷಯ ಹೊರಬೀಳುತ್ತದೆ, ಅವರೂ ಶೆಡ್ಡಿಗೆ ಬರುತ್ತಾರೆ ಎಂದ. ಇಬ್ಬರೂ ಹೇಳಿದ್ದು ನಿಜವೇ. ಜೀಪು ಹತ್ತಿ ವಾಪಸು ಹೊರಟೆವು. ಆ ಮುದುಕಿಯನ್ನು ನೆನೆದರೆ ನನಗೆ ಮಾಮುವಿನ ಮುಖವೇ ಕಾಣುತ್ತಿತ್ತು.

ಮಳೆ

ಅದರ ಮರುದಿನ ಮಧ್ಯಾಹ್ನ ಮಳೆ ಶುರುವಾಯಿತು. ನೆಲಮಂಗಲದ ಮಳೆ ಗುಡುಗಿ, ಎಗರಾಡಿ, ಅಂಡರ್‌ಪಾಸ್ ತುಂಬಿಸಿ ಹೊರಟುಹೋಗುತ್ತದೆ. ಇದು ಸದ್ದಿಲ್ಲದ ಮಳೆ. ಆಕಾಶವೇ ಕೆಳಗಿಳಿದು ಕೂತಂತೆ ಒಂದೇ ಸಮ ಸುರಿಯುತ್ತದೆ, ಏಳುವ ಲಕ್ಷಣವೇ ಇಲ್ಲ.

ಪ್ರದೀಪ್ ಜೀಪಿನ ಕೀ ತೆಗೆದುಕೊಂಡ. ನಾನು ಹತ್ತಿ ಕೂತೆ. ರಸ್ತೆ ಮುಗಿದಲ್ಲಿ ಇಳಿದು ಕೆಸರಿನಲ್ಲಿ ಹತ್ತಿದೆವು. ಅರ್ಧ ದಾರಿಯಲ್ಲಿ ಒಂದು ಸದ್ದು ಕೇಳಿತು, ಲಾರಿಯಿಂದ ಜಲ್ಲಿ ಸುರುವಿದ ಹಾಗೆ. ಇಬ್ಬರೂ ಓಡಿದೆವು.

ಹಲಸಿನ ಮರ ಮಲಗಿತ್ತು. ಗುಡ್ಡದ ಒಂದು ಮಗ್ಗುಲು ಜಾರಿ ಸೆಲ್ವಿಯ ಹಿಂದಿನ ಗೋಡೆ ಒಳಗೆ ಬಿದ್ದಿತ್ತು. ಅಡುಗೆ ಮಾಡುವ ಜಾಗದಲ್ಲಿ ಮೊಣಕಾಲುದ್ದ ಮಣ್ಣು. ಎಲೆ ಕೀಳುವವರು ಇನ್ನೂ ತೋಟದಲ್ಲಿದ್ದರು, ಮನೆಯಲ್ಲಿದ್ದವರು ಮುಂದಿನ ಜಗಲಿಯಲ್ಲಿ ಕೂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಪ್ರದೀಪ್ ಪ್ರತಿ ಬಾಗಿಲಿಗೂ ಹೋಗಿ ಹರಕು ತಮಿಳಿನಲ್ಲಿ ಕೂಗುತ್ತಾ ಎಲ್ಲರನ್ನೂ ಆಚೆ ದಿಬ್ಬದ ಕೋವಿಲಿಗೆ, ಅಂದರೆ ಗುಡಿಗೆ, ಕಳಿಸಿದ. ಒಬ್ಬ ಅಜ್ಜಿ ಬರುವುದಿಲ್ಲವೆಂದು ಹಟ ಹಿಡಿದಾಗ ಹೊತ್ತುಕೊಂಡೇ ಹೋದ. ಅವನ ಅಂಗಿಯ ಮೇಲೆ ಅವಳು ಗುದ್ದುತ್ತಲೇ ಇದ್ದಳು.

ಸೆಲ್ವಿ ತೋಟದಿಂದ ಏದುಸಿರು ಬಿಡುತ್ತಾ ಬಂದಳು. ಮನೆ ನೋಡಿದಳು. ಮಣ್ಣಿನಿಂದ ಒಂದು ಪಾತ್ರೆ ಎಳೆದು, ಒಳಗೆ ಮಣ್ಣು ತುಂಬಿದ್ದು ಕಂಡು ಅಲ್ಲೇ ಬಿಟ್ಟಳು.

ಕೋವಿಲಿನ ಜಗಲಿಯಲ್ಲಿ ಕೂತಾಗ ಅವಳೇ ಮಾತೆತ್ತಿದಳು. “ಆ ಕಂಬ ನೆಟ್ಟರೆ ಮೊದಲು ಯಾರ ಫೋನಿಗೆ ಕೂಗತ್ತೆ?”

“ಜಿಲ್ಲಾ ಆಫೀಸಿಗೆ, ದೊರೈಗೆ” ಎಂದ ಪ್ರದೀಪ್. ಅವಳ ಮುಖ ನೋಡಿ ತಾನೇ ತಿದ್ದಿಕೊಂಡ. “ಸೈರನ್ ಇಲ್ಲೇ ಹಾಕಿಸುತ್ತೇನೆ. ಮೊದಲು ನಿಮ್ಮ ಫೋನಿಗೆ, ಆಮೇಲೆ ಉಳಿದವರಿಗೆ.”

“ನಿನ್ನ ನಕ್ಷೆ ತೋರ್ಸು” ಎಂದಳು ನನಗೆ.

ತೋರಿಸಿದೆ. ಬೆರಳಲ್ಲಿ ಹಿಗ್ಗಿಸಿ ತನ್ನ ಲಯಂ ಹುಡುಕಿದಳು. ಬೂದು ಬಣ್ಣದ ಒಂದು ಉದ್ದ ಚೌಕ.

“ಇದೇನು, ಒಂದೇ ಮನೆ?”

ಮೇಲಿಂದ ನೋಡಿದಾಗ ಚಾವಣಿ ಒಂದೇ, ಅದಕ್ಕೆ ಒಂದೇ ಕಟ್ಟಡ ಎಂದು ಬಂದಿದೆ ಎಂದೆ.

“ಒಂದು ಮನೆ ಅಂತ ಬರೆದರೆ ನಾಳೆ ಒಂದೇ ಮನೆ ಕೊಡ್ತಾರೆ” ಎಂದಳು.

ನಮ್ಮ ಆಫೀಸಿನಲ್ಲಿ ಆ ಚೌಕವನ್ನು ಎಷ್ಟು ಸಲ ನೋಡಿದ್ದೆವೋ. ಚಂದ್ರುವಿಗೂ ನನಗೂ ಇದು ಹೊಳೆದಿರಲಿಲ್ಲ. ಅನುಮಾನ ಪಡುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದ ಮೊದಲ ಹೆಂಗಸು ಇವಳೇ.

ಕಂಬ

ಮಳೆ ನಿಂತ ಮೇಲೆ ಕೆಲಸ ಮಾಡಿದೆವು. ನಾನು ಬಾಗಿಲಿಂದ ಬಾಗಿಲಿಗೆ ಅಳತೆ ಹಿಡಿದು ಆ ಉದ್ದ ಚೌಕವನ್ನು ಕತ್ತರಿಸಿ ಒಂದೊಂದು ಸಂಸಾರಕ್ಕೂ ಬೇರೆ ಮನೆ ಬರೆದೆ. ಸೆಲ್ವಿ ನನ್ನ ಜೊತೆಗೇ ನಡೆದು, ಪ್ರತಿ ಬಾಗಿಲಿನಲ್ಲೂ ಬರೆದದ್ದನ್ನು ಓದಿಸಿ ಕೇಳಿದಳು. ಪ್ರದೀಪ್ ಅಳಿಸಿದ್ದ ಚುಕ್ಕಿಗಳನ್ನು ಅವನೇ ವಾಪಸು ಇಟ್ಟ, ಹೊಸದೊಂದನ್ನೂ ಸೇರಿಸಿದ. ಅವನ ಕೈ ಬಹಳ ಹೊತ್ತು ಮೌಸಿನ ಮೇಲೇ ನಿಂತಿತ್ತು.

ದೊರೈ ನಮ್ಮಿಬ್ಬರನ್ನೂ ಬಂಗಲೆಗೆ ಕರೆಸಿ, ಪಿಂಗಾಣಿ ಕಪ್ಪಿನಲ್ಲಿ ಹಾಲು ಹಾಕಿದ ಟೀ ಕೊಟ್ಟು, ಫ್ಯಾಕ್ಟರಿಗೆ ಕಂಬ ಯಾಕಿಲ್ಲ ಎಂದು ನಯವಾಗಿ ಕೇಳಿದರು. “ಅಲ್ಲಿ ನಕ್ಷೆ ಹಸಿರಾಗಿದೆ ಸರ್, ನಿಮ್ಮ ಫ್ಯಾಕ್ಟರಿ ಬಹಳ ಸುರಕ್ಷಿತ ಜಾಗದಲ್ಲಿದೆ” ಎಂದೆ.

ಕಂಬ ನಿಂತಿತು. ಬಿಸಿಲು ಸಾಲದೆಂದು ಸೋಲಾರ್ ತಟ್ಟೆಯನ್ನು ಕೋವಿಲಿನ ದಿಬ್ಬಕ್ಕೆ ಹಾಕಿ ತಂತಿ ಎಳೆದರು. ಬಿದ್ದ ಗೋಡೆಯ ಜಾಗದಲ್ಲಿ ಸೆಲ್ವಿ ತಗಡು ನಿಲ್ಲಿಸಿದಳು. ನಾನು ಹೊರಟಾಗ ಬಾಗಿಲಿಗೆ ಬಂದಳು, ಆದರೆ ಮತ್ತೆ ಬಾ ಎನ್ನಲಿಲ್ಲ.

ಊರಿಗೆ ಬಂದು ಕೆಲವು ತಿಂಗಳಾಗಿವೆ. ಮೇಲ್ ಲಯಂನವರಿಗೆ ಜಾಗದ ಕಡತ ಕದಲಿದೆ ಎಂದು ಪ್ರದೀಪ್ ಬರೆಯುತ್ತಾನೆ. ಕೀಳ್ ಲಯಂನವರ ಮನೆಗಳಿಗೆ ಪಾಯ ತೋಡಿದ್ದಾರಂತೆ, ಫೋಟೊ ಕಳಿಸಿದ್ದ. ಪಾಯದಲ್ಲಿ ನೀರು ನಿಂತಿತ್ತು. ಸೆಲ್ವಿಯನ್ನು ಯಾರೂ ಇನ್ನೂ ಶೆಡ್ಡಿಗೆ ಕಳಿಸಿಲ್ಲ.

ಹೋದ ವಾರ ನಾನು ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದಾಗ ಸೆಲ್ವಿಯ ಫೋನ್ ಬಂತು. ಮೊದಲ ಮಾತೇ ಜಗಳ.

“ನಿನ್ನ ಕಂಬ ಸುಳ್ಳು ಹೇಳ್ತು. ಮಳೇಲಿ ಬಾಯಿ ಬಡ್ಕೊಂಡು ಕೂಗ್ತು. ಎಲ್ಲಾರೂ ಮಕ್ಕಳು ಮರಿ ಎತ್ಕೊಂಡು ಕೋವಿಲಿಗೆ ಓಡಿದ್ವಿ. ಗುಡ್ಡ ಬರ್ಲೇ ಇಲ್ಲ.”

ಹಾಗಾಗುತ್ತದೆ ಅಕ್ಕಾ, ಅದಕ್ಕೂ ಪೂರ್ತಿ ಗೊತ್ತಾಗುವುದಿಲ್ಲ ಎಂದು ಏನೇನೋ ತೊದಲಿ, ಕೊನೆಗೆ ಹೆದರುತ್ತಲೇ ಕೇಳಿದೆ: “ಇನ್ನೊಂದು ಸಲ ಕೂಗಿದರೆ ಹೋಗ್ತೀರಾ?”

“ಹೋಗ್ದೆ ಏನ್ಮಾಡ್ತೀವಿ?” ಎಂದು ರೇಗಿದಳು. “ಆ ಗುಡ್ಡಾನೂ ನಂಬಲ್ಲ, ನಿನ್ನ ಕಂಬಾನೂ ನಂಬಲ್ಲ. ಅದಕ್ಕೇ ಹೋಗ್ತೀವಿ.”